ಅಪ್ಪನ ಮಾತಿನ ಪೆಟ್ಟಿಗೆ

ನಮ್ಮ ಮನೆಯ ಕಂಪ್ಯೂಟರ್ ನಿಧಾನವಾದರೆ ಅಪ್ಪನ ಮಾತೇ ನಿಧಾನವಾದಂತೆ. ಗಂಟಲಿನ ಆಪರೇಷನ್‌ನಲ್ಲಿ ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆದ ಮೇಲೆ ಅವರ ಉಸಿರು ಕೊರಳಿನ ಒಂದು ತೂತಿನಿಂದ ಹೋಗಿ ಬರುತ್ತದೆ. ತುಟಿ ಅಲ್ಲಾಡುತ್ತದೆ, ಸದ್ದು ಹೊರಡುವುದಿಲ್ಲ. ಅದಕ್ಕೇ ನಾನು ಕೀಬೋರ್ಡಿಗೆ ಕನ್ನಡ ಅಕ್ಷರಗಳ ಚೀಟಿ ಅಂಟಿಸಿ ಕೊಟ್ಟೆ. ಅವರು ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಾರೆ. ಕೊನೆಗೊಂದು ಗುಂಡಿ ಒತ್ತಿದರೆ ಸ್ಪೀಕರಿನಿಂದ ಒಬ್ಬ ಹೆಂಗಸು ಅದನ್ನು ಓದಿ ಹೇಳುತ್ತಾಳೆ.

"ಅದೆಲ್ಲಾ ಫೋನಿನಾಗ ಆಗ್ತೈತಲ್ಲ" ಎಂದು ಮನೆಗೆ ಬಂದವರೆಲ್ಲ ಬುದ್ಧಿ ಹೇಳಿ ಹೋಗುತ್ತಾರೆ. ಆಗುತ್ತದೆ, ಅವರ ಬೆರಳಿಗೆ. ದಾಂಡೇಲಿಯ ಪೇಪರ್ ಮಿಲ್ಲಿನಲ್ಲಿ ಕಾಗದದ ಯಂತ್ರದ ಮುಂದೆ ವಯಸ್ಸು ಕಳೆದ ಅಪ್ಪನ ಬೆರಳ ತುದಿ ಎಷ್ಟು ಜಡ್ಡುಗಟ್ಟಿದೆಯೆಂದರೆ, ಫೋನಿನ ಗಾಜು ಅದನ್ನು ಬೆರಳೆಂದೇ ಒಪ್ಪುವುದಿಲ್ಲ. ಇನ್ನು ಕೆಲವರು "ಬರದು ತೋರಸ್ರಿ" ಎನ್ನುತ್ತಾರೆ. ಅಪ್ಪನಿಗೆ ಬರೆಯಲು ಚೆನ್ನಾಗಿ ಬರುತ್ತದೆ, ಅವ್ವನಿಗೆ ಓದಲು ಬರುವುದಿಲ್ಲ. ಅವ್ವ ಪಾಳಾ ಎಂಬ ಹಳ್ಳಿಯವಳು. ಶಾಲೆಗೆ ಹೋಗಬೇಕಾದ ವಯಸ್ಸಿನಲ್ಲಿ ಭತ್ತದ ಗದ್ದೆಗೆ ಇಳಿದವಳು.

ಮೊದಮೊದಲು ಅಪ್ಪ ಬರೆದದ್ದನ್ನು ನಾನು ಓದಿ ಹೇಳುತ್ತಿದ್ದೆ. ಅವ್ವ ಅದಕ್ಕೆ ಉತ್ತರವನ್ನು ನನಗೆ ಹೇಳುತ್ತಿದ್ದಳು. "ಅವರಿಗೆ ಬ್ಯಾಳಿ ಸಾರು ನಡಿತೈತೇನ ಕೇಳು" ಎನ್ನುವಳು. ಅಪ್ಪ ಎದುರಿಗೇ ಕೂತಿರುತ್ತಿದ್ದರು, ಅವರ ಕಿವಿಗೆ ಏನೂ ಆಗಿರಲಿಲ್ಲ. ಒಂದು ದಿನ ಅಪ್ಪ ಪೆನ್ನನ್ನು ಗೋಡೆಗೆ ಎಸೆದರು. ಸಿಟ್ಟು ಮೂಗಿನ ತುದಿಯಲ್ಲೇ ಇರುವವಳು ನಾನು, ಅಪ್ಪನಲ್ಲ. ಗಂಡ ಹೆಂಡತಿಯ ನಡುವೆ ಮಗಳು ಕೂತು ಮಾತು ದಾಟಿಸುವುದು ಅವರಿಗೆ ಎಷ್ಟು ಚುಚ್ಚುತ್ತಿತ್ತೆಂದು ಆವತ್ತು ಗೊತ್ತಾಯಿತು. ಕಂಪ್ಯೂಟರ್ ಮಾತಾಡಲು ಕಲಿತ ಮೇಲೆ ನಾನು ನಡುವಿನಿಂದ ಎದ್ದೆ.

ಅವ್ವನಿಗೆ ಮೊದಲು ಅದು ಹಿಡಿಸಲಿಲ್ಲ. "ಇದೇನ ಯವ್ವಾ, ನನ್ನ ಗಂಡನ ಮಾತ ಇನ್ನೊಬ್ಬಾಕಿ ಹೇಳಾಕತ್ತಾಳ!" ಎಂದಳು. ಅಪ್ಪ ಬರೆಯುವುದು ನಮ್ಮ ಕಡೆಯ ಮಾತನ್ನೇ. ಆ ಹೆಂಗಸು ಅದನ್ನು ರೇಡಿಯೋದಲ್ಲಿ ವಾರ್ತೆ ಓದುವ ಹಾಗೆ, ಏರಿಳಿತವಿಲ್ಲದೆ ಓದುತ್ತಿದ್ದಳು. ಆದರೂ ಬರಬರುತ್ತ ಅವ್ವನಿಗೆ ರೂಢಿಯಾಯಿತು. ಪಲ್ಯಕ್ಕೆ ಉಪ್ಪು ಹೆಚ್ಚಾಯಿತೆಂದು ಸ್ಪೀಕರ್ ಹೇಳಿದರೆ, "ನೀವು ಸುಮ್ಮನ ಕುಂತು ಆಕೀ ಬಾಯಿಲೆ ಬೈಸ್ರಿ" ಎಂದು ಅಪ್ಪನನ್ನೇ ದಬಾಯಿಸುವಷ್ಟು.

ಈ ಸಲದ ದಸರಾ ಮುಗಿದು ಕೆಲವು ವಾರ ಕಳೆದಿರಬೇಕು, ಕಂಪ್ಯೂಟರ್ ಎಳೆದಾಡತೊಡಗಿತು. "ಚಹಾ ಮಾಡ್ಲ್ಯಾ?" ಎಂದು ಕೇಳಿ ಅವ್ವ ಅಡುಗೆಮನೆಗೆ ಹೋಗುವಳು. ಅಪ್ಪ ಟೈಪು ಮಾಡಿ ಗುಂಡಿ ಒತ್ತಿ ಕಾಯುವರು. ಚಹಾ ಕುಡಿದು ಕಪ್ಪು ತೊಳೆದಿಟ್ಟ ಮೇಲೆ "ಸಕ್ಕರಿ ಕಡಿಮಿ ಹಾಕು" ಎಂದು ಖಾಲಿ ಪಡಸಾಲೆಯಲ್ಲಿ ಹೆಂಗಸು ಹೇಳುವಳು. ಮೊದಲು ಮೂವರೂ ನಕ್ಕೆವು. ಆಮೇಲೆ ಅಪ್ಪ ನಗುವುದನ್ನು ಬಿಟ್ಟರು. ಉತ್ತರ ತಡವಾಗುತ್ತದೆಂದು ಉತ್ತರ ಕೊಡುವುದನ್ನೇ ಕಡಿಮೆ ಮಾಡಿದರು.

ಅದೇ ದಿನಗಳಲ್ಲಿ ಅಪ್ಪನ ಕೊರಳ ಬದಿಗೆ ಹೊಸದೊಂದು ಗಂಟು ಕಾಣಿಸಿತು. ಹುಬ್ಬಳ್ಳಿಯ ಡಾಕ್ಟರು ತಪಾಸಣೆಗೆ ಸೇರಿಸಬೇಕು, ಇನ್ನೊಂದು ಆಪರೇಷನ್ ಬೇಕಾದರೂ ಆಗಬಹುದು, ಮನೆಯಲ್ಲಿ ಮಾತಾಡಿಕೊಂಡು ಬನ್ನಿ ಎಂದರು. ನಾನು ಮರುದಿನವೇ ಹೊರಡಲು ತಯಾರು. ಹಿಂದಿನ ಸಲ ಆಸ್ಪತ್ರೆಯಲ್ಲಿ ಅಪ್ಪನ ಜೊತೆ ಇದ್ದವಳು ನಾನೇ. ಅಲ್ಲಿನ ವಾಸನೆಗೇ ತಲೆ ತಿರುಗುವ ಅವ್ವನನ್ನು ಮನೆಯಲ್ಲಿ ಬಿಟ್ಟು ಹೋಗಿದ್ದೆವು. ಈ ಸಲ ಅವ್ವ ಅಡ್ಡ ನಿಂತಳು. "ಮೈ ಅವರದು. ಹೂಂ ಅನ್ನೂದಾದ್ರೂ ಉಹೂಂ ಅನ್ನೂದಾದ್ರೂ ಅವರ ಅನ್ನಲಿ" ಎಂದಳು. ಸಂಜೆ ಅಪ್ಪನ ಎದುರು ಕೂತು ಕೇಳಿದಳು: "ಏನ್ ಮಾಡೂಣ್ರಿ? ಹೇಳ್ರಿ."

ಅಪ್ಪ ಬಹಳ ಹೊತ್ತು ಟೈಪು ಮಾಡಿದರು. ಪರದೆಯನ್ನು ನಾನು ಬೇಕೆಂದೇ ನೋಡಲಿಲ್ಲ. ಗುಂಡಿ ಒತ್ತಿದರು. ಕಾದೆವು. "ನನಗ" ಎಂದಳು ಹೆಂಗಸು. ಅಷ್ಟೇ. ಪರದೆ ನೀಲಿಯಾಯಿತು, ಕಪ್ಪಾಯಿತು, ತಾನೇ ಮತ್ತೆ ಶುರುವಾಯಿತು. ಬರೆದದ್ದು ಹೋಗಿತ್ತು. ಅಪ್ಪ ಇನ್ನೊಮ್ಮೆ ಬರೆಯಲು ಕೂತರು. ಈ ಸಲ ಗುಂಡಿ ಒತ್ತುವ ಮೊದಲೇ ಎಲ್ಲ ಹಾಗೇ ಹೆಪ್ಪುಗಟ್ಟಿ ನಿಂತಿತು.

"ಬ್ಯಾಡ ಅಂತ. ನನಗ ಬ್ಯಾಡ ಅಂತ ಬರದಾರ" ಎಂದಳು ಅವ್ವ. ಅಪ್ಪ ಅಲ್ಲವೆಂದು ಕೈ ಆಡಿಸಿದರು. "ಹಂಗಾದ್ರ ಬೇಕೇನ್ರಿ?" ಅದಕ್ಕೂ ಕೈ ಆಡಿಸಿದರು. ನಾನು ಹಾಳೆ ಪೆನ್ನು ತಂದು ಮುಂದಿಟ್ಟೆ. "ಬರ್ರಿ ಅಪ್ಪಾ, ಬರೀರಿ, ನಾ ಓದ್ತೇನಿ." ಅಪ್ಪ ನನ್ನ ಮುಖ ನೋಡಿದರು. ಪೆನ್ನಿಗೆ ಟೋಪಿ ಹಾಕಿ ನನ್ನ ಕೈಗೆ ವಾಪಸು ಕೊಟ್ಟರು. ಅದು ನನ್ನ ಬಾಯಿಂದ ಬರುವ ಮಾತಲ್ಲ ಎಂದು ತಿಳಿಯಿತು. ತಿಳಿದರೂ ತಡೆದುಕೊಳ್ಳಲಾಗಲಿಲ್ಲ. "ಜೀವದ ಮಾತಿನಾಗ ನಾಚಿಕಿ ಯಾಕ್ರಿ ನಿಮಗ?" ಎಂದು ಕೂಗಿಬಿಟ್ಟೆ.

ಅಲ್ಲಿಂದ ಅವ್ವ ಆ ಅರ್ಧ ಮಾತನ್ನು ತಾನೇ ಪೂರ್ತಿ ಮಾಡಿಕೊಂಡು ಬದುಕತೊಡಗಿದಳು. ಹಬ್ಬವಲ್ಲ ಹುಣ್ಣಿಮೆಯಲ್ಲ, ಹೋಳಿಗೆ ಮಾಡಿದಳು. ಹಾಲಿನಲ್ಲಿ ನೆನೆಸಿ ಮೆತ್ತಗೆ ಮಾಡಿ ಅಪ್ಪನ ಮುಂದಿಟ್ಟಳು. ಅವರ ಅಂಗಿಗಳನ್ನೆಲ್ಲ ತೆಗೆದು ಗುಂಡಿ ಹಚ್ಚಿದಳು. ಕೇಳಿದರೆ "ಖಾಲಿ ಕುಂತಿದ್ದೆ" ಎಂದಳು. ಹೋಗುವವರನ್ನು ಕಳಿಸಿಕೊಡುವ ತಯಾರಿ ಅದೆಂದು ನನಗೆ ಕಾಣುತ್ತಿತ್ತು, ಅಪ್ಪನಿಗೂ ಕಾಣುತ್ತಿತ್ತು. ಆಕೆ ಅಂದುಕೊಂಡದ್ದು ತಪ್ಪೆಂದು ಹೇಳಲು ಅವರಿಗೆ ಬಾಯಿರಲಿಲ್ಲ.

ನಾನು ಗಣೇಶಗುಡಿಯ ಒಂದು ಹೋಂಸ್ಟೇಯಲ್ಲಿ ಬುಕಿಂಗ್ ನೋಡಿಕೊಳ್ಳುವವಳು. ಕಂಪ್ಯೂಟರ್ ನನಗೆ ಅರ್ಧಂಬರ್ಧ ಗೊತ್ತು. ರಿಪೇರಿ ಅಂಗಡಿಗೆ ಫೋನು ಮಾಡಿದರೆ, "ಹಳೇ ಮಷೀನ್ ಐತ್ರಿ ಮೇಡಂ, ಹೊಸಾದ ತಗೊಂಡಬಿಡ್ರಿ. ಇಲ್ಲಾಂದ್ರ ತಂದು ಇಟ್ಟು ಹೋಗ್ರಿ, ಮುಂದಿನ ವಾರ ನೋಡೂಣು" ಎಂದ. ಅಪ್ಪನನ್ನು ಒಂದು ವಾರ ಪೂರ್ತಿ ಮೂಕರನ್ನಾಗಿ ಮಾಡಲು ನನಗೆ ಮನಸ್ಸಾಗಲಿಲ್ಲ. ನಾನೇ ಕೈ ಹಾಕಿದೆ.

ಶುರುವಾಗುವಾಗ ತಾವಾಗಿಯೇ ಎದ್ದು ಕೂರುವ ಬೇಡದ ಪ್ರೋಗ್ರಾಂಗಳನ್ನು ನಿಲ್ಲಿಸಿದೆ. ನದಿಯಲ್ಲಿ ರಾಫ್ಟಿಂಗ್ ಮಾಡುವ ಪ್ರವಾಸಿಗರ ಫೋಟೋ ರಾಶಿ ಬಿದ್ದಿತ್ತು, ಅಳಿಸಿದೆ. ವೈರಸ್ ಹುಡುಕಿದೆ, ಸಿಗಲಿಲ್ಲ. ಡಿಸ್ಕಿನಲ್ಲಿ ಬೇಕಾದಷ್ಟು ಜಾಗವಿತ್ತು. ಇಷ್ಟು ಮಾಡಿದರೂ ಹೆಂಗಸು ಎರಡು ಪದಕ್ಕೆ ಉಸಿರು ಬಿಡುತ್ತಿದ್ದಳು. ಒಂದು ಬೆಳಿಗ್ಗೆ, ಕಂಪ್ಯೂಟರ್ ತನಗೆ ಎಷ್ಟು ಮೆಮೊರಿ ಇದೆಯೆಂದು ಹೇಳುತ್ತದೋ ನೋಡೋಣವೆಂದು ನೋಡಿದೆ. ಇರಬೇಕಾದುದರಲ್ಲಿ ಅರ್ಧ ತೋರಿಸಿತು. ಮರುದಿನ ಪೂರ್ತಿ ತೋರಿಸಿತು, ಮತ್ತು ಆ ದಿನವೇ ಹೆಚ್ಚು ಸಲ ನಿಂತುಹೋಯಿತು. ಒಳಗೆ ಮೆಮೊರಿಯ ಎರಡು ಪಟ್ಟಿಗಳಿವೆ. ಅದರಲ್ಲಿ ಒಂದು ಲೆಕ್ಕಕ್ಕೆ ಸಿಗದಿದ್ದಾಗ ಕಂಪ್ಯೂಟರ್ ತೆವಳುತ್ತಿದೆ, ಸಿಕ್ಕಾಗ ತಪ್ಪು ಮಾಡಿ ಬೀಳುತ್ತಿದೆ ಎಂದು ಅನುಮಾನ ಬಂತು. ಕಂಪ್ಯೂಟರಿನೊಳಗೇ ಮೆಮೊರಿ ಪರೀಕ್ಷೆ ಮಾಡುವ ವ್ಯವಸ್ಥೆ ಇರುತ್ತದೆ. ಅದನ್ನು ಹಚ್ಚಿಟ್ಟು ಕೆಲಸಕ್ಕೆ ಹೋದೆ. ಸಂಜೆ ಬಂದಾಗ ಅಪ್ಪ ಪರದೆಯ ಮುಂದೆಯೇ ಕೂತಿದ್ದರು, ಪಾಳಿಯ ಮೇಲೆ ಯಂತ್ರ ಕಾಯುತ್ತಿದ್ದವರ ಹಾಗೆ. ಮೆಮೊರಿಯಲ್ಲಿ ದೋಷವಿದೆ ಎಂದು ಪರದೆ ಹೇಳುತ್ತಿತ್ತು.

ಭಾನುವಾರ ಮಧ್ಯಾಹ್ನ ವಯರು ಕಿತ್ತು, ಪಡಸಾಲೆಯಲ್ಲಿ ಹಳೆಯ ಪೇಪರು ಹಾಸಿ ಕಂಪ್ಯೂಟರನ್ನು ಮಗ್ಗುಲಾಗಿ ಮಲಗಿಸಿದೆ. ಸ್ಕ್ರೂಡ್ರೈವರ್ ಅಪ್ಪನೇ ತಂದುಕೊಟ್ಟು ಮಂಚದ ಮೇಲೆ ಕೂತರು. ಮುಚ್ಚಳ ತೆಗೆದೆ. ಒಳಗೆ ಫ್ಯಾನಿನ ಮೇಲೆ ವಿಭೂತಿಯ ಮೂರು ಬೆರಳಿನ ಪಟ್ಟೆ. ಕರೆಂಟಿನ ಡಬ್ಬಿಯ ಮೇಲೆ ಮೂರು ಪಟ್ಟೆ. ಅಕ್ಕಪಕ್ಕ ನಿಂತ ಎರಡು ಮೆಮೊರಿ ಪಟ್ಟಿಗಳ ಮೇಲೂ ಅಡ್ಡಕ್ಕೆ ಅಚ್ಚುಕಟ್ಟಾಗಿ ಮೂರು ಪಟ್ಟೆ, ನಡುವೆ ಕುಂಕುಮದ ಬೊಟ್ಟು. ಒಣಗಿದ ವಿಭೂತಿ ಹಕ್ಕಳೆ ಎದ್ದು, ಪಟ್ಟಿ ಕೂರುವ ಸಂದಿಗೆ ಉದುರಿತ್ತು.

ಆಯುಧಗಳಿಗೆ, ಯಂತ್ರಗಳಿಗೆ ಪೂಜೆ ಮಾಡುವ ಖಂಡೆಪೂಜೆಯ ದಿನ ನಾನು ಮನೆಯಲ್ಲಿರಲಿಲ್ಲ, ದಸರಾ ರಜೆಗೆ ಗಣೇಶಗುಡಿ ತುಂಬಿ ತುಳುಕುತ್ತಿತ್ತು. ಸಂಜೆ ಬಂದಾಗ ಕಂಪ್ಯೂಟರಿನ ಮೇಲೆ ಚೆಂಡುಹೂವಿನ ಮಾಲೆ ನೋಡಿ ಖುಷಿಪಟ್ಟಿದ್ದೆ. ಅಪ್ಪ ತಮ್ಮ ಯಂತ್ರಕ್ಕೆ ಪೂಜೆ ಮಾಡುತ್ತಿದ್ದ ರೀತಿ ನನಗೆ ಚಿಕ್ಕಂದಿನಿಂದ ಗೊತ್ತು. ಯಂತ್ರದ ಮೇಲಿನ ತಗಡು ಬಿಚ್ಚಿ, ಒರೆಸಿ, ದುಡಿಯುವ ಭಾಗಕ್ಕೇ ವಿಭೂತಿ ಹಚ್ಚುವವರು. "ದುಡಿಯೂದು ಒಳಗಿಂದು. ತಗಡಿಗೆ ಹಚ್ಚಿದ್ರ ಅಂಗಿಗೆ ಹಚ್ಚಿದಂಗ" ಎಂದು ಧ್ವನಿ ಇದ್ದಾಗ ಹೇಳುತ್ತಿದ್ದರು. ತಮ್ಮ ಮಾತು ಆಡುವ ಯಂತ್ರಕ್ಕೆ ಅದಕ್ಕಿಂತ ಕಡಿಮೆ ಮಾಡುವರೇ?

ಚಹಾ ಹಿಡಿದು ಬಂದ ಅವ್ವ ಬಗ್ಗಿ ನೋಡಿದಳು. "ನಾನ ವಿಭೂತಿ ನೀರಾಗ ತೇಯ್ದು ಕೊಟ್ಟಿದ್ನೆವ್ವಾ" ಎಂದಳು. ಆಮೇಲೆ ನನ್ನ ಕಿವಿಯ ಹತ್ತಿರ, "ಇದರಿಂದ ಕೆಟ್ಟೈತಿ ಅಂತ ಅವರಿಗೆ ಹೇಳಬ್ಯಾಡ" ಎಂದಳು. ಎರಡು ಮಾರು ದೂರದಲ್ಲಿ ಕೂತವರಿಗೆ ಕೇಳುವುದೇ ಇಲ್ಲವೆಂಬ ಹಾಗೆ! ಅಪ್ಪ ಎದ್ದು ಬಂದರು. ನಾನು ಕಿತ್ತಿದ್ದ ಪಟ್ಟಿಯನ್ನು ಕೈಗೆ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ತಮ್ಮ ಮೂರು ಬೆರಳನ್ನು ಆ ಪಟ್ಟೆಗಳ ಮೇಲಿಟ್ಟು ನೋಡಿದರು. ಅವರ ತುಟಿ ಅಲ್ಲಾಡತೊಡಗಿತು.

ಬೇಗಬೇಗ ಏನೋ ಹೇಳುತ್ತಿದ್ದರು. ಕೊರಳಿನ ತೂತಿಗೆ ಮುಚ್ಚಿಕೊಂಡ ಬಟ್ಟೆ ಉಸಿರಿಗೆ ಒಳಗೆ ಹೊರಗೆ ಹಾರುತ್ತಿತ್ತು. ಅದನ್ನು ಓದಿ ಹೇಳಬೇಕಾದದ್ದು ಪೇಪರಿನ ಮೇಲೆ ಬಿಚ್ಚಿ ಬಿದ್ದಿತ್ತು. ನನಗೆ ಅಳು ಬಂತು, ಅಳು ಬಂದದ್ದಕ್ಕೆ ಸಿಟ್ಟೂ ಬಂತು. ಅವ್ವ ಚಹಾ ಕೆಳಗಿಟ್ಟು ಅಪ್ಪನ ಕೈ ಹಿಡಿದಳು. "ಭಕ್ತಿಲೆ ಹಚ್ಚೀರಿ. ಅದಕ್ಯಾಕ ಇಷ್ಟು ಸಂಕಟ ಮಾಡ್ಕೋತೀರಿ?" ಎಂದಳು. ಅಪ್ಪ ಪಟ್ಟಿಯನ್ನು ನನ್ನ ಕೈಗಿಟ್ಟರು.

ನಾನು ಪಟ್ಟಿಗಳನ್ನು ಒಣ ಬಟ್ಟೆಯಿಂದ ಒರೆಸಿದೆ. ಅವುಗಳ ಅಂಚಿನ ಹೊಂಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ತಿಕ್ಕಿದೆ. ಸಂದಿಗಳ ಬೂದಿಯನ್ನು ಮೆತ್ತನೆಯ ಬ್ರಷ್ಷಿನಿಂದ ಕೆದಕಿ ತೆಗೆದೆ. ಒಂದು ಪಟ್ಟಿಗೆ ಹೊಳಪು ಬಂತು. ಇನ್ನೊಂದರ ಹಲ್ಲಿಗೆ ವಿಭೂತಿಯ ನೀರು ಹತ್ತಿ ಹಸಿರುಗಟ್ಟಿತ್ತು, ಎಷ್ಟು ತಿಕ್ಕಿದರೂ ಬಿಡಲಿಲ್ಲ. ಎರಡನ್ನೂ ಹಾಕಿದರೆ ಕಂಪ್ಯೂಟರ್ ಶುರುವಾಗದೆ ಬರೀ ಬೀಪ್ ಬೀಪ್ ಎಂದು ಚೀರಿತು. ಹಸಿರುಗಟ್ಟಿದ್ದನ್ನು ತೆಗೆದು ಒಂದನ್ನೇ ಹಾಕಿದೆ, ಶುರುವಾಯಿತು. ಪರೀಕ್ಷೆ ಹಚ್ಚಿ ಸಂಜೆಯವರೆಗೆ ಕಾದೆ. ದೋಷ ಬರಲಿಲ್ಲ.

"ಒಂದರ ಮ್ಯಾಲೆ ನಡೀತೈತ್ರಿ ಅಪ್ಪಾ" ಎಂದೆ. "ಸಾವಕಾಶ ಮಾತಾಡ್ತೈತಿ, ಆದ್ರ ನಡುವ ನಿಲ್ಲೂದಿಲ್ಲ. ಇನ್ನೊಂದು ಪಟ್ಟಿ ಆಮ್ಯಾಲೆ ತರೂಣು." ಅಪ್ಪ ಕುರ್ಚಿ ಎಳೆದುಕೊಂಡು ಕೂತರು. ಅವ್ವ ಎದುರಿಗೆ ಕೂತಳು. ಒಣ ಹಾಕಿದ ಬಟ್ಟೆ ತೆಗೆಯಬೇಕೆಂದು ಹೇಳಿ ನಾನು ಹಿತ್ತಲಿಗೆ ಹೋದೆ.

ಮಿಲ್ಲಿನ ಭೋಂಗಾ ಕೂಗಿ ನಿಂತಿತು. ಒಳಗಿನಿಂದ ಟಕ್, ಟಕ್ ಎಂದು ಅಪ್ಪ ಅಕ್ಷರ ಹುಡುಕುವ ಸದ್ದು ಬರುತ್ತಿತ್ತು. ಸ್ಪೀಕರಿನ ಸದ್ದು ಕಡಿಮೆ ಮಾಡಲು ಮರೆತಿದ್ದೆ. ಟಕ್ ಟಕ್ ನಿಂತಿತು. ಎಷ್ಟೋ ಹೊತ್ತಾದ ಮೇಲೆ, ವಾರ್ತೆ ಓದುವ ಅದೇ ರಾಗದಲ್ಲಿ, ಆ ಹೆಂಗಸು ಓದಿದಳು.

"ನನಗ ಅಂಜಿಕಿ ಬಂದೈತಿ. ಈ ಸಲ ದವಾಖಾನಿಗೆ ನೀ ಬಾ."

ನಾನು ಹಗ್ಗದ ಮೇಲಿನ ಅಂಗಿ ಹಿಡಿದು ನಿಂತೆ. ಧ್ವನಿ ಇದ್ದ ಕಾಲದಲ್ಲಿ ಅಪ್ಪ ಅಂಜಿಕೆ ಎಂಬ ಮಾತನ್ನು ಒಮ್ಮೆಯೂ ಆಡಿದವರಲ್ಲ. ಪೆನ್ನು ನನ್ನ ಕೈಗೆ ವಾಪಸು ಬಂದದ್ದು ಯಾಕೆಂದು ಈಗ ಗೊತ್ತಾಯಿತು. ಹಿಂದಿನ ಸಲ ಅವರ ಮಂಚದ ಪಕ್ಕ ಕೂತವಳು ನಾನು, ಬೇಕಾಗಿದ್ದವಳು ಅವ್ವ. ನನಗೆ ನೋವಾಯಿತು. ಸುಳ್ಳು ಯಾಕೆ ಹೇಳಲಿ, ಮನಸ್ಸು ಹಗುರವೂ ಆಯಿತು.

ಒಳಗೆ ಅವ್ವನ ದನಿ ಕೇಳಿತು. "ಬರ್ತೇನ್ರಿ. ನನಗೂ ಅಂಜಿಕಿ ಬಂದೈತಿ."

ಮತ್ತೆ ಟಕ್, ಟಕ್. ಮತ್ತೆ ಕಾಯುವಿಕೆ. ದೀಪ ಹಚ್ಚುವ ಹೊತ್ತಾಗಿತ್ತು, ಅಡುಗೆಮನೆಯಲ್ಲಿ ಹಾಲಿತ್ತು. ಅವ್ವ ಏಳಲಿಲ್ಲ.

"ಅವಸರ ಮಾಡಬ್ಯಾಡ್ರಿ" ಎಂದಳು. "ಸಾವಕಾಶ ಬರೀರಿ. ನಾ ಇಲ್ಲೇ ಕುಂತೇನಿ."