ಮೀಟರು ತೋರಿಸಿದ ವೋಲ್ಟೇಜು

ಗಲ್ಫಿನ ಸೊಹಾರ್‌ನ ಅಲ್ಯೂಮಿನಿಯಂ ಕಾರ್ಖಾನೆಯ ಎಲೆಕ್ಟ್ರಿಕಲ್ ವರ್ಕ್‌ಶಾಪಿನಲ್ಲಿ ನಾನು ಒಂಬತ್ತು ವರ್ಷ ಕಳೆದಿದ್ದಾಗ ಮೈಸೂರಿನವನೊಬ್ಬ ಬಂದು ಸೇರಿದ. ಅವನು ಬರುವ ತನಕ ನಮ್ಮ ಫೋರ್‌ಮನ್‌ಗೆ ಏನು ಕೆಟ್ಟರೂ ನಾನೇ ಬೇಕಿತ್ತು. ಅವರು ನಮ್ಮ ಉಡುಪಿ ಕಡೆಯವರು, ನನ್ನನ್ನು ಇಲ್ಲಿಗೆ ಕರೆಸಿಕೊಂಡವರು. ಮೈಸೂರಿನವನು ಬಂದ ಎರಡೇ ತಿಂಗಳಿಗೆ ಡ್ರಾಯಿಂಗ್ ಹರವಿಕೊಂಡಾಗೆಲ್ಲ ಅವನನ್ನೇ ಪಕ್ಕದಲ್ಲಿ ಕೂರಿಸಿಕೊಳ್ಳತೊಡಗಿದರು. ನನಗೆ ಹೊಟ್ಟೆ ಉರಿಯುತ್ತಿತ್ತು. ಆಸಾಮಿ ಒಳ್ಳೆಯವನಾಗಿದ್ದುದು ಇನ್ನೂ ಕಷ್ಟ, ಬೈಯಲು ಒಂದು ನೆಪವನ್ನೂ ಕೊಡುತ್ತಿರಲಿಲ್ಲ.

ಫೋರ್‌ಮನ್ ಆಗ ಸಿಗರೇಟು ಬಿಡಲು ಹೆಣಗುತ್ತಿದ್ದರು. ಇನ್ನು ಸೇದಿದರೆ ಶ್ವಾಸಕೋಶ ಉಳಿಯುವುದಿಲ್ಲ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಇಲ್ಲಿನ ಅಂಗಡಿಗಳಲ್ಲಿ ಮಾರುವಂತಿಲ್ಲದ ವೇಪ್, ಅಂದರೆ ಬ್ಯಾಟರಿ ಸಿಗರೇಟು, ಒಂದನ್ನು ಅವರ ಭಾವ ದುಬೈಯಿಂದ ತಂದುಕೊಟ್ಟಿದ್ದ. ಅದರ ಬಲದಿಂದ ನಾಲ್ಕು ತಿಂಗಳು ಸಿಗರೇಟು ಮುಟ್ಟಿರಲಿಲ್ಲ. ಒಂದು ದಿನ ಚಹಾದ ಹೊತ್ತಿಗೆ ಆ ವೇಪನ್ನು ಡಬ್ಬಿ ಸಮೇತ ನನ್ನ ಮೇಜಿನ ಮೇಲಿಟ್ಟರು.

“ಎಳೆದರೆ ಸುಟ್ಟ ವಾಸನೆ ಬರ್ತದೆ ಮಾರಾಯ. ಎಂತ ಆಗಿದೆ ನೋಡು.”

ಮೈಸೂರಿನವನಿಗಲ್ಲ, ನನಗೆ ಕೊಟ್ಟಿದ್ದರು. ಉಬ್ಬಿಹೋದೆ. ಅದರ ಪುಟ್ಟ ಪರದೆಯಲ್ಲಿ ಮೂರೂವರೆ ವೋಲ್ಟ್ ಎಂದಿತ್ತು. ಗುಂಡಿ ಒತ್ತಿ, ಬಿಸಿಯಾಗಿ ಆವಿ ಎಬ್ಬಿಸುವ ಕಾಯಿಲ್‌ಗೆ ನನ್ನ ಹಳೆಯ ಮೀಟರು ಹಿಡಿದರೆ ಮೂರೂ ಇಲ್ಲ. “ರೆಗ್ಯುಲೇಟರ್ ಹೋಗಿದೆ ಸರ್,” ಎಂದು ವರ್ಕ್‌ಶಾಪಿಗೆಲ್ಲ ಕೇಳುವಂತೆ ಹೇಳಿದೆ. ಸರಿಯಾಗಿ ನೋಡಿಡು ಎಂದು ಅವರು ಮೀಟಿಂಗಿಗೆ ಹೋದರು.

ಮೈಸೂರಿನವನು ಬಳಿ ಬಂದು ದನಿ ತಗ್ಗಿಸಿದ. “ಅಣ್ಣ, ಇದು ವೋಲ್ಟೇಜನ್ನ ಒಂದೇ ಸಮ ಕೊಡಲ್ಲ ಅನ್ಸುತ್ತೆ. ಬ್ಯಾಟರಿನ ಸೆಕೆಂಡಿಗೆ ಎಷ್ಟೋ ಸಲ ಆನ್ ಆಫ್ ಮಾಡ್ತಾ ಇರುತ್ತೆ. ನಿಮ್ ಮೀಟ್ರು ಬರೀ ಸರಾಸರಿ ತೋರಿಸ್ತಿದೆ. ಸ್ಟೋರಲ್ಲಿರೋ ಟ್ರೂ ಆರ್‌ಎಂಎಸ್ ಮೀಟ್ರು ಅಸಲಿ ಲೆಕ್ಕ ತೋರಿಸುತ್ತೆ, ಅದನ್ನ ಎಸಿ ಪ್ಲಸ್ ಡಿಸಿಗೆ ಇಟ್ಟು ನೋಡಿ, ಮೂರೂವರೆನೇ ಇರುತ್ತೆ. ಕಾಯಿಲ್ ಸುಟ್ಟಿರ್ಬೇಕು, ಅದೊಂದು ಬದಲಾಯಿಸಿದ್ರೆ ಆಯ್ತು.”

ನನಗೇ ಪಾಠ. ಗೊತ್ತು ಎನ್ನುವಂತೆ ತಲೆಯಾಡಿಸಿದೆ. ಅವನು ತನ್ನ ಕೆಲಸಕ್ಕೆ ಹೋದ.

ಅವನು ಮರೆಯಾದ ಮೇಲೆ ಕಳ್ಳನಂತೆ ಆ ಮೀಟರು ತಂದೆ. ಮೂರೂವರೆ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಕಾಯಿಲ್ ಬಿಚ್ಚಿದರೆ ಒಳಗಿನ ಹತ್ತಿ ಕರಕಲಾಗಿತ್ತು. ಡಬ್ಬಿಯಲ್ಲಿ ಹೊಸ ಕಾಯಿಲ್ ಎರಡಿದ್ದವು. ಹಾಕಲು ಎರಡು ನಿಮಿಷ ಸಾಕಿತ್ತು.

ಹಾಕಲಿಲ್ಲ. ಹಾಕಿದ್ದರೆ ಅವನು ಹೇಳಿದ್ದೇ ಸರಿ ಎಂದಾಗುತ್ತಿತ್ತು. ಹಳೆಯದನ್ನೇ ತಿರುಗಿಸಿ ಕೂರಿಸಿದೆ. ಫೋರ್‌ಮನ್ ಬಂದಾಗ, “ಇದನ್ನು ಇಟ್ಕೊಳ್ಬೇಡಿ ಸರ್, ಬ್ಯಾಟರಿ ಬಿಸಿಯಾಗಿ ಒಡೀಲಿಕ್ಕೂ ಉಂಟು,” ಎಂದೆ.

“ನೀನು ಹೇಳಿದ ಮೇಲೆ ಖಲಾಸ್,” ಎಂದು ಅವರು ಅದನ್ನು ಹಳೆ ಬ್ಯಾಟರಿಗಳ ಡಬ್ಬಕ್ಕೆ ಹಾಕಿಬಿಟ್ಟರು. ಇನ್ನೊಂದು ಬೇಕೆಂದರೆ ಭಾವ ಮತ್ತೆ ಬರಬೇಕಿತ್ತು.

ಹತ್ತು ದಿನ ಕಳೆದಿರಬಹುದು. ಸಂಜೆ ಕಂಪನಿ ಬಸ್ಸಿಗೆ ಕಾಯುತ್ತಿದ್ದೆವು. ಫೋರ್‌ಮನ್‌ರ ಬೆರಳ ಸಂದಿಯಲ್ಲಿ ಸಿಗರೇಟು ಉರಿಯುತ್ತಿತ್ತು. ಮೈಸೂರಿನವನು ಅದನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ಈಗ ಬಾಯಿ ಬಿಡುತ್ತಾನೆ ಎಂದುಕೊಂಡೆ. ಅವನು ಬಸ್ಸು ಬರುವ ದಾರಿಯತ್ತ ತಿರುಗಿದ.

ಫೋರ್‌ಮನ್ ನನ್ನ ಭುಜದ ಮೇಲೆ ಕೈಯಿಟ್ಟು ಅವನಿಗೆ ಹೇಳಿದರು: “ಇವನಿಂದ ಕಲಿ. ಇವನಿಲ್ಲದಿದ್ರೆ ಅದು ನನ್ನ ಮುಖದ ಮೇಲೇ ಒಡೀತಿತ್ತು.”

ಅವನೆದುರಿಗೇ ಬರಲಿ ಎಂದು ನಾನು ತಿಂಗಳುಗಟ್ಟಲೆ ಹಂಬಲಿಸಿದ್ದ ಮಾತು ಅದು. ಹೇಳಿ ಮುಗಿಸುತ್ತಲೇ ಅವರಿಗೆ ಕೆಮ್ಮು ಬಂತು. ಅದು ನಿಲ್ಲುವ ತನಕ ನನ್ನ ಭುಜವನ್ನೇ ಆಸರೆಯಾಗಿ ಹಿಡಿದುಕೊಂಡಿದ್ದರು.