ಕಾದಷ್ಟೂ ಹೆಚ್ಚುವ ತೂಕ

ನಾನು ಶಹಾಪುರದ ಕಾಲೇಜಿನಲ್ಲಿ ಗಣಿತ ಕಲಿಸುತ್ತೇನೆ. ಡೇಟಾ ಸೆಂಟರಿನ ಕಂಪ್ಯೂಟರುಗಳಿಗೆ ಬಂದು ಬೀಳುವ ಕೆಲಸಗಳಲ್ಲಿ ಯಾವುದಕ್ಕೆ ಮೊದಲು ಜಾಗ ಕೊಡಬೇಕು ಎನ್ನುವುದು ನನ್ನ ಪಿಎಚ್‌ಡಿಯ ವಿಷಯ. ತುರ್ತಿನ ಕೆಲಸಗಳನ್ನೇ ಮುಂದೆ ಬಿಡುತ್ತ ಹೋದರೆ ಸುಮ್ಮನೆ ಕಾಯುವ ಕೆಲಸದ ಪಾಳಿ ಬರುವುದೇ ಇಲ್ಲ. ಹೊಸ ತುರ್ತು ಬರುತ್ತಲೇ ಇರುತ್ತದೆ. ಅದಕ್ಕೆ ಲೆಕ್ಕದಲ್ಲಿ ಒಂದು ಉಪಾಯವಿದೆ: ಕಾದಷ್ಟೂ ಆ ಕೆಲಸದ ತೂಕ ಹೆಚ್ಚಿಸುತ್ತ ಹೋಗುವುದು. ಆಗ ಒಂದಲ್ಲ ಒಂದು ಹೊತ್ತಿಗೆ ಅದು ಎಲ್ಲ ತುರ್ತುಗಳನ್ನೂ ಮೀರಿ ಮುಂದೆ ಬಂದೇ ಬರುತ್ತದೆ. ಆ ತೂಕ ಎಷ್ಟು ಬೇಗ ಏರಬೇಕು ಎಂದು ತಲೆ ಕೆಡಿಸಿಕೊಂಡೇ ನನ್ನ ವರ್ಷಗಳು ಕಳೆದವು.

ಸುರಪುರದ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವವರು ಕೊನೆಗೆ ಉಣ್ಣುವುದು ರೂಢಿ. ಬಿಸಿ ರೊಟ್ಟಿ ಎಲ್ಲರ ತಾಟಿಗೆ ಬೀಳಬೇಕಲ್ಲ! ಅವ್ವ ಹೋದ ಮೇಲೆ ಒಲೆಯ ಮುಂದೆ ಕೂತವಳು ಅಕ್ಕ. ಅವಳು ಬಿಸಿ ರೊಟ್ಟಿ ಉಂಡದ್ದನ್ನು ನಾನು ಕಂಡಿಲ್ಲ. ಸ್ನಾನದ ನೀರಿಗೂ ಬಸ್ಸಿನ ಸೀಟಿಗೂ ಅವಳದು ಅದೇ ಮಾತು: "ನಂದು ಆಮ್ಯಾಲ."

ಕಣ್ಣು ಮಂಜಾಗುತ್ತಿದೆ ಎಂದು ಅವಳು ಹೇಳಿದ್ದೂ ತಡವಾಗಿಯೇ. ಯಾದಗಿರಿಗೆ ತಿಂಗಳಿಗೊಮ್ಮೆ ಬರುವ ಕಣ್ಣಿನ ಡಾಕ್ಟರರ ಬಳಿ ಕರೆದೊಯ್ದೆ. ನಸುಕಿನ ಬಸ್ಸಿಗೆ ಹೋಗಿ, ಪಾಳಿಯ ಚೀಟಿ ಮೊದಲೇ ಪಡೆದು, ಅವಳನ್ನು ಬಾಗಿಲ ಪಕ್ಕ ಕೂರಿಸಿ ಚಹಾ ತರಲು ಹೋದೆ. ಬಂದು ನೋಡಿದರೆ ಅಕ್ಕ ಬೆಂಚಿನ ಕೊನೆಯಲ್ಲಿದ್ದಳು.

"ಆ ಮುದುಕಿ ಪಾಪ, ಗುರುಮಠಕಲ್‌ದಿಂದ ಬಂದಾಳ. ಬಸ್ ತಪ್ಪತದ ಅಂತ ಅಳಾಕತ್ತಿದ್ಲು. ನನ್ನ ಚೀಟಿ ಅಕಿಗಿ ಕೊಟ್ಟು ಅಕಿದು ತಗೊಂಡೆ. ನಂದೇನ್ ಅವಸರ ಅದ ತಂಗಿ?"

ನಾನು ಬೇಡ ಬೇಡವೆಂದರೂ ಆಮೇಲೆ ಒಬ್ಬ ಬಸುರಿಗೆ ಬಿಟ್ಟುಕೊಟ್ಟಳು. ಅಕ್ಕನ ಪಾಳಿ ಬರುವ ಮೊದಲೇ ಡಾಕ್ಟರು ಎದ್ದು ಹೋದರು. ನನಗೆ ಮೈಯೆಲ್ಲ ಉರಿಯಿತು.

ಮುಂದಿನ ತಿಂಗಳು ಹತ್ತಿ ಬಿಡಿಸುವುದಿದೆ ಎಂದಳು. ಅದರ ಮುಂದಿನ ತಿಂಗಳು ಪಕ್ಕದ ಮನೆಯ ಬಾಣಂತಿಗೆ ಯಾರೂ ಇಲ್ಲ ಎಂದಳು. ಕೊನೆಗೆ ಕೈ ಹಿಡಿದು ಎಳೆದುಕೊಂಡೇ ಹೋದೆ. ಕಣ್ಣೊಳಗಿನ ಒತ್ತಡಕ್ಕೆ ನರ ಸತ್ತಿದೆ ಎಂದರು ಡಾಕ್ಟರು. "ಹೋದ ದೃಷ್ಟಿ ತಿರುಗಿ ಬರಂಗಿಲ್ರಿ. ಮೊದಲ ಬಂದಿದ್ರ ಒಂದೀಟರ ಉಳೀತಿತ್ತು."

ನನ್ನ ಲೆಕ್ಕದಲ್ಲಿ ಯಾವ ಕೆಲಸವೂ ತಾನಾಗಿ ಹಿಂದೆ ಸರಿಯುವುದಿಲ್ಲ. ತೂಕ ಏರಿದರೆ ಮುಂದೆ ಬರುತ್ತದೆ, ಅಷ್ಟೇ. ಅಕ್ಕ ಎಷ್ಟು ತೂಕ ಬಂದರೂ ಪಕ್ಕದವರಿಗೆ ಕೊಟ್ಟುಬಿಡುವವಳು. ಅವಳ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ. ಆ ಸಿಟ್ಟಿನಲ್ಲೇ ಅಳುವೂ ಬರುತ್ತದೆ.

ಈಗ ಒಲೆಯ ಮುಂದೆ ನಾನು ಕೂರುತ್ತೇನೆ. ಮೊನ್ನೆ ಹಂಚಿನಿಂದ ತೆಗೆದ ಮೊದಲ ರೊಟ್ಟಿಯನ್ನು ಅಕ್ಕನ ತಾಟಿಗೆ ಹಾಕಿ, ಅವಳ ಕೈ ಹಿಡಿದು ಅದರ ಮೇಲೆ ಇಟ್ಟೆ. ಬಿಸಿ ತಾಗಿದ್ದೇ ಕೈ ಹಿಂದೆಗೆದುಕೊಂಡಳು. ತಾಟನ್ನು ಮೆಲ್ಲಗೆ ಮುಂದಕ್ಕೆ ತಳ್ಳಿ, ಕಾಣದ ಕಣ್ಣನ್ನು ಅತ್ತಿತ್ತ ಹೊರಳಿಸುತ್ತ ಕೇಳಿದಳು: "ಇನ್ನ ಯಾರ್ ಉಂಡಿಲ್ಲ?"