ದೀಪದ ಕೋಣೆಯ ಚೌಡಕ್ಕ

ಮೊದಲ ಸಲ ನೋಡಿದಾಗ ನಾನು ಚೌಡಕ್ಕನನ್ನು ಸ್ಟೇಷನ್ ಮಾಸ್ತರ್ ಎಂದೇ ತಿಳಿದೆ. ಸೀರೆಯ ಮೇಲೆ ಹಿತ್ತಾಳೆ ಗುಂಡಿಯ ನೀಲಿ ಕೋಟು ತೊಟ್ಟು, ಪ್ಲಾಟ್‌ಫಾರ್ಮಿನ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದಳು. ಅದು ಹಗರಿಬೊಮ್ಮನಹಳ್ಳಿಗೂ ಕೊಟ್ಟೂರಿಗೂ ನಡುವಿನ ಒಂದು ಹಳೆಯ ಸ್ಟೇಷನ್ನು. ಹೆಸರು ಹೇಳುವುದಿಲ್ಲ, ಹೇಳಿದರೆ ಅಲ್ಲಿನ ದೊಡ್ಡ ಮನುಷ್ಯರು ಇದನ್ನು ಓದಿಬಿಡುವ ಅಪಾಯವಿದೆ. ಕೊಟ್ಟೂರಿನ ರೈಲು ಎಷ್ಟು ಹೊತ್ತಿಗೆ ಬರುತ್ತದೆ ಎಂದು ವಿನಯದಿಂದ ವಿಚಾರಿಸಿದೆ. ಇನ್ನೂ ಹೊತ್ತೈತಿ, ಚಾ ಕುಡೀರಿ ಅಂದಳು. ಕುಡಿದೆ. ಇನ್ನೊಂದೂ ಕುಡಿದೆ. ರೈಲು ಬಂತು, ಆಚೆಯ ಹೊಸ ಹಳಿಯ ಮೇಲೆ ಧೂಳೆಬ್ಬಿಸಿಕೊಂಡು ಹೋಗಿಯೇಬಿಟ್ಟಿತು. ನಿಲ್ಲಲೇ ಇಲ್ಲವಲ್ಲ ಎಂದು ನಾನು ಬಾಯಿ ಬಿಟ್ಟಾಗ ಆಕೆ ಲೋಟ ಎತ್ತಿಕೊಳ್ಳುತ್ತ, “ಅದು ಇಲ್ಲಿ ನಿಂದ್ರಂಗಿಲ್ರಿ. ನೀವು ಬರೋ ಹೊತ್ತು ಕೇಳಿದ್ರಿ, ನಿಂದ್ರೋದು ಕೇಳ್ಲಿಲ್ಲ” ಎಂದಳು.

ಕೋಟು ಆಕೆಯ ಗಂಡ ಅಂಜಿನಿಯದು. ಸಣ್ಣ ಹಳಿಯ, ಅಂದರೆ ಮೀಟರ್ ಗೇಜಿನ ಕಾಲದಲ್ಲಿ ಅವನು ಅಲ್ಲಿ ದಿನಗೂಲಿಯ ಮೇಲೆ ಸಿಗ್ನಲ್ ದೀಪಗಳಿಗೆ ಎಣ್ಣೆ ಹಾಕುತ್ತಿದ್ದ. ಕೆಲಸ ಇಂದು ಕಾಯಂ ಆಗುತ್ತದೆ, ನಾಳೆ ಆಗುತ್ತದೆ ಅನ್ನುವಷ್ಟರಲ್ಲಿ ರೈಲೇ ನಿಂತುಹೋಯಿತು. ಮಾಸ್ತರರು ವರ್ಗವಾಗಿ ಹೋದರು. ದೀಪ ಇಡುವ ಕೋಣೆಯ ಬೀಗದ ಕೈ ಅಂಜಿನಿಯ ಉಡಿದಾರದಲ್ಲೇ ಉಳಿಯಿತು, ಯಾರೂ ವಾಪಸ್ ಕೇಳಲಿಲ್ಲ. ಗಂಡಹೆಂಡತಿ ಆ ಕೋಣೆಯಲ್ಲೇ ಒಲೆ ಹೂಡಿದರು. ಅವನು ತೀರಿಕೊಂಡ ಮೇಲೆ ಚೌಡಕ್ಕ ಅಲ್ಲಿಯೇ ಚಹಾ ಮಾಡತೊಡಗಿದಳು. ಕುರಿಯವರು, ಟ್ರಾಕ್ಟರಿನವರು, ದಾರಿ ತಪ್ಪಿದ ನನ್ನಂಥವರು ಗಿರಾಕಿಗಳು. ದೊಡ್ಡ ಹಳಿ ಬಂದಾಗ ಅದು ಸ್ಟೇಷನ್ನನ್ನು ಒಂದು ಹೊಲದಷ್ಟು ದೂರ ಬಿಟ್ಟು ಹಾಯ್ದುಹೋಯಿತು. ಕಟ್ಟಡ ಯಾರಿಗೂ ಬೇಡವಾಯಿತು. ಆಕೆಗೆ ಬೇಕಾದದ್ದೂ ಅದೇ.

ಹೀಗೆ ಬೇಡವಾಗಿ ಸುಖವಾಗಿದ್ದ ಕಟ್ಟಡವನ್ನು ಐತಿಹಾಸಿಕ ಎಂದು ಮೊದಲು ಕಂಡುಹಿಡಿದವರು ಗುರುಮೂರ್ತಿಯವರು. ಶೇಂಗಾ ಎಣ್ಣೆಯ ಮಿಲ್ಲು ಇಟ್ಟುಕೊಂಡವರು. ಊರಿನ ಯಾವ ಸಮಿತಿಗೂ ಅಧ್ಯಕ್ಷರಾಗಲು ಅವರು ಒಪ್ಪದೇ ಇದ್ದದ್ದಿಲ್ಲ. ಎಲ್ಲೋ ಒಂದು ಸಭೆಯಲ್ಲಿ ಪಾರಂಪರಿಕ ಕಟ್ಟಡಗಳ ಜೀರ್ಣೋದ್ಧಾರಕ್ಕೆ ದಾನ ಕೊಟ್ಟ ವ್ಯಾಪಾರಸ್ಥರಿಗೆ ತೆರಿಗೆ ವಿನಾಯಿತಿ ಇದೆ ಎಂದು ಅವರ ಕಿವಿಗೆ ಬಿದ್ದಿತ್ತು. ಆ ಸಭೆಯಲ್ಲಿ ಅವರು ಕೊನೆಯವರೆಗೆ ಕೂರಲಿಲ್ಲ, ಊಟಕ್ಕೆ ಎದ್ದಿದ್ದರು. ಹಾಗಾಗಿ ಊರಿಗೆ ಬಂದು ಅವರು ಹೇಳಿದ್ದು ಇಷ್ಟು: ಲಕ್ಷ ಕೊಟ್ಟರೆ ಲಕ್ಷವೂ ತೆರಿಗೆಯಲ್ಲಿ ವಾಪಸ್, ಹೆಸರು ಮಾತ್ರ ಕಾಯಂ. ಇಂಥ ದಾನವನ್ನು ಯಾರು ಬಿಟ್ಟಾರು? ಗುರುಮೂರ್ತಿಯವರೇ ಅಧ್ಯಕ್ಷರಾಗಿ ಟ್ರಸ್ಟು ನೋಂದಣಿಯಾಯಿತು. ಕಟ್ಟಡ ರಿಪೇರಿಗೆ ಅನುಮತಿಯೂ ಸಿಕ್ಕಿತು.

ಸ್ಟೇಷನ್ನಿನ ಮುಂದೆ ಶಾಮಿಯಾನ ಹಾಕಿ ದಾನ ಸ್ವೀಕಾರ ಸಮಾರಂಭ ಮಾಡಿದರು. ನಮ್ಮ ಕಡೆ ದಾನವೆಂದರೆ ಹಿತ್ತಾಳೆ ತಟ್ಟೆ ಮುಂದೆ ಬರಬೇಕು, ನೋಟಿನ ಕಟ್ಟು ನಾಲ್ಕು ಜನರ ಎದುರು ಅದರ ಮೇಲೆ ಬೀಳಬೇಕು, ಮೈಕಿನಲ್ಲಿ ಹೆಸರು ಕೂಗಬೇಕು. ಚೆಕ್ಕಿನ ಹಾಳೆಯನ್ನು ತಟ್ಟೆಗೆ ಹಾಕಿದರೆ ಚೀಟಿ ಹಾಕಿದಂತೆ ಕಾಣುತ್ತದೆ. ಮಿಲ್ಲಿನ ಗುಮಾಸ್ತ ತಿಪ್ಪೇಶ ಮೈಕು ಹಿಡಿದು ಒಬ್ಬೊಬ್ಬರ ಹೆಸರನ್ನೂ ಅವರ ಅಂಗಡಿಯ ಹೆಸರನ್ನೂ ಕೂಗಿದ. ಪಕ್ಕದವನ ಕಟ್ಟು ನೋಡಿ ತಮ್ಮದನ್ನು ದಪ್ಪ ಮಾಡಲು ಮನೆಗೆ ಆಳು ಓಡಿಸಿದವರೂ ಇದ್ದರು. ಕೂಡ್ಲಿಗಿಯ ವ್ಯಾಪಾರಿಯೊಬ್ಬರು ಫ್ಯಾನುಗಳನ್ನು ಕೊಟ್ಟರು. ರೆಕ್ಕೆರೆಕ್ಕೆಗೂ ಅವರ ತಂದೆಯ ಹೆಸರು. ತಿರುಗಿದರೆ ಓದಲಾಗುವುದಿಲ್ಲ, ಆದ್ದರಿಂದ ಉದ್ಘಾಟನೆಯ ದಿನ ಫ್ಯಾನು ಹಾಕಬಾರದು ಎಂದು ಅವರು ಅಲ್ಲಿಯೇ ಕೇಳಿಕೊಂಡರು. ಹರಪನಹಳ್ಳಿಯಿಂದ ಹೆಸರು ಕೆತ್ತಿದ ಬೆಂಚುಗಳೂ ಬಂದವು.

ಅಂದು ಎಲ್ಲರಿಗೂ ಪುಕ್ಕಟೆ ಚಹಾ ಕೊಟ್ಟವಳು ಚೌಡಕ್ಕ. ಗುರುಮೂರ್ತಿಯವರಿಗೆ ಲೋಟ ಕೊಡುತ್ತ ಕೇಳಿದಳು:

“ಇದಕ್ಕೂ ಟ್ಯಾಕ್ಸ್ ಮಾಫಿ ಐತೇನ್ರಿ ಗೌಡ್ರ?”

“ನಿನಗೆಲ್ಲೈತಬೇ ಟ್ಯಾಕ್ಸು?”

“ಹಂಗಾದ್ರ ನನ್ನ ಚಾ ಹೋದಂಗ ಅನ್ರಿ.”

ಎಲ್ಲರೂ ನಕ್ಕರು. ಲೆಕ್ಕ ತಪ್ಪದೆ ಮಾತಾಡಿದವಳು ಆಕೆಯೊಬ್ಬಳೇ ಎಂದು ಆಗ ಯಾರಿಗೆ ಗೊತ್ತಿತ್ತು?

ಕೆಲಸ ಶುರುವಾದದ್ದು ರಸ್ತೆಯಿಂದಲೇ ಕಾಣಬೇಕು ಎಂಬುದು ಅಧ್ಯಕ್ಷರ ಆಸೆ. ಗೋಡೆಗೆ ಗಾರೆ ಮೆತ್ತಿದರೆ ಯಾರಿಗೆ ಕಾಣುತ್ತದೆ? ಹೀಗಾಗಿ ಮೊದಲು ಹಂಚು ಇಳಿಸಿದರು. ಒಂದೇ ತಿಂಗಳು, ಮಳೆಗಾಲಕ್ಕೆ ಮುಂಚೆ ಹೊದಿಸಿಬಿಡುತ್ತೇವೆ, ನಿನ್ನ ಖೋಲಿ ನಿನಗೇ, ಬೀಗವೂ ನಿನ್ನದೇ ಎಂದು ಚೌಡಕ್ಕನಿಗೆ ಮಾತು ಕೊಟ್ಟರು. ಆಕೆ ನಂಬಿ, ಸೆರಗು ಸಿಕ್ಕಿಸಿ, ತನ್ನ ತಲೆಯ ಮೇಲಿನ ಹಂಚನ್ನು ತಾನೇ ಹೊತ್ತು ಕೆಳಗೆ ಜೋಡಿಸಿದಳು.

ಮಾರ್ಚಿ ತಿಂಗಳಲ್ಲಿ ಹಗರಿಬೊಮ್ಮನಹಳ್ಳಿಯ ಆಡಿಟರ್ ಜಂಬುನಾಥ ಮಿಲ್ಲಿಗೆ ಬಂದ. ಅವನು ಮೆತ್ತಗಿನ ಮನುಷ್ಯ, ಕೆಟ್ಟ ಸುದ್ದಿಯನ್ನು ಕೆಮ್ಮಿಕೊಂಡು ಹೇಳುತ್ತಾನೆ. ನಗದಾಗಿ ಕೊಟ್ಟದ್ದು ಎರಡು ಸಾವಿರ ದಾಟಿದರೆ ವಿನಾಯಿತಿ ಇಲ್ಲ ಎಂದು ಕೆಮ್ಮಿದ. ಫ್ಯಾನು ಬೆಂಚಿನಂಥ ವಸ್ತುವಿಗಂತೂ ಇಲ್ಲವೇ ಇಲ್ಲ ಎಂದು ಮತ್ತೆ ಕೆಮ್ಮಿದ. ಚೆಕ್ಕಿನಲ್ಲಿ ಕೊಟ್ಟಿದ್ದರೂ ಪೂರ್ತಿ ವಾಪಸ್ ಬರುತ್ತಿರಲಿಲ್ಲ, ತೆರಿಗೆ ಹಾಕುವ ಆದಾಯದಲ್ಲಿ ಒಂದು ಪಾಲು ಕಡಿಮೆಯಾಗುತ್ತಿತ್ತು ಅಷ್ಟೇ ಎನ್ನುವಷ್ಟರಲ್ಲಿ ಅವನಿಗೆ ಯಾರೋ ನೀರು ಕೊಟ್ಟರು.

ದಾನಿಗಳು ಜಗಳವಾಡಲಿಲ್ಲ. ಒಬ್ಬೊಬ್ಬರೇ ಮಿಲ್ಲಿಗೆ ಬಂದು, ನಗದು ವಾಪಸ್ ಕೊಡ್ರಿ, ಅದನ್ನೇ ನಾಳೆ ಚೆಕ್ಕಿನಲ್ಲಿ ಕೊಡುತ್ತೇವೆ ಎಂದು ಮರ್ಯಾದೆಯಿಂದ ಕೇಳಿದರು. ಮರ್ಯಾದೆಯಿಂದ ಕೇಳಿದ್ದಕ್ಕೆ ಅಧ್ಯಕ್ಷರು ಕೊಟ್ಟರು. ತಮ್ಮದನ್ನು ತಾವೇ ಮೊದಲು ತೆಗೆದುಕೊಂಡಿದ್ದರು. ವಾಪಸ್ ಕೊಡುವಾಗ ತಟ್ಟೆ ಇರಲಿಲ್ಲ, ಮೈಕೂ ಇರಲಿಲ್ಲ. ಆ ನಾಳೆ ಬರುವುದರೊಳಗೆ ಮಾರ್ಚಿ ಮುಗಿದು ತೆರಿಗೆಯ ವರ್ಷವೇ ದಾಟಿತು, ಚೆಕ್ಕು ಬರಲೇ ಇಲ್ಲ. ಫ್ಯಾನುಗಳು ಕೂಡ್ಲಿಗಿಗೆ, ಬೆಂಚುಗಳು ಹರಪನಹಳ್ಳಿಗೆ ವಾಪಸ್ ಹೋದವು. ಕೂಲಿ ಸಿಗದ ಗುತ್ತಿಗೆದಾರ ಇಳಿಸಿಟ್ಟ ಹಂಚನ್ನೆಲ್ಲ ಟ್ರಾಕ್ಟರಿಗೆ ಹೇರಿಕೊಂಡು ಹೋದ. ಚೌಡಕ್ಕ ಅಡ್ಡ ನಿಂತು, ನನ್ನ ಖೋಲಿಯ ಮೇಲಿನವನ್ನಾದರೂ ಬಿಡೆಂದು ಬೇಡಿಕೊಂಡಳಂತೆ. ಅವನೂ ಬಡವನೇ. ಬಿಡಲಿಲ್ಲ.

ಉಳಿದದ್ದು ದಾನಿಗಳ ಹೆಸರು ಕೆತ್ತಿಸಿದ ಅಮೃತಶಿಲೆಯ ಹಲಗೆ. ಅದಕ್ಕೆ ಉದ್ಘಾಟನೆಯವರೆಗೆ ಧೂಳು ತಾಗದಿರಲೆಂದು ದಪ್ಪ ನೀಲಿ ತಾಡಪಾಲು ಹೊದಿಸಿದ್ದರು. ಮೊದಲ ಮಳೆಗೆ ಚೌಡಕ್ಕ ಆ ತಾಡಪಾಲನ್ನು ಎಳೆದು ತನ್ನ ಒಲೆಯ ಮೇಲೆ ಕಟ್ಟಿಕೊಂಡಳು. ಮರುದಿನ ಅಧ್ಯಕ್ಷರು ತಿಪ್ಪೇಶನನ್ನು ಕಳಿಸಿದರು.

“ಚೌಡಕ್ಕ, ತಾಡಪಾಲು ಕೊಡಬೇಕಂತ. ಕಲ್ಲು ನೆನಿತೈತಿ.”

“ನೆನದ್ರ ಅದಕ್ಕೇನು ನೆಗಡಿ ಬರ್ತೈತೇನಲೇ?”

ತಿಪ್ಪೇಶನಿಗೆ ತಾಡಪಾಲು ಒಯ್ಯಲು ಕೈ ಬರಲಿಲ್ಲ, ಬಿಟ್ಟು ಹೋಗಲು ಧೈರ್ಯ ಬರಲಿಲ್ಲ. ಕೊನೆಗೆ ಆಕೆಯೇ ಬಿಚ್ಚಿ, ಮಡಚಿ, ಅವನ ಕೈಗಿಟ್ಟಳು.

ಆಮೇಲೆ ಮಳೆ ಹಿಡಿಯಿತು. ದೀಪದ ಕೋಣೆಯ ಗೋಡೆ ಒಳಗಿನಿಂದ ಹಸಿಯಾಗಿ ಒಂದು ಮೂಲೆ ಕುಸಿಯಿತು. ಸೌದೆ ಹತ್ತದ ಒಲೆಯಲ್ಲಿ ಚಹಾ ಆಗಲಿಲ್ಲ, ಗಿರಾಕಿಗಳು ಬರಲಿಲ್ಲ. ಚೌಡಕ್ಕನಿಗೆ ಕೆಮ್ಮು ಹತ್ತಿ ಎದೆಗೆ ಇಳಿಯಿತು. ಹಡಗಲಿಯಲ್ಲಿ ಮಗಳಿದ್ದಾಳೆ. ಅವರದು ಮಲ್ಲಿಗೆ ಕಟ್ಟುವ ಮನೆ, ಜಾಗ ಚಿಕ್ಕದು, ಬೀಗರು ದೊಡ್ಡ ಬಾಯಿಯವರು. ಅಲ್ಲಿ ಹೋಗಿ ಇರುವುದಕ್ಕಿಂತ ಇಲ್ಲಿ ಸಾಯುವುದೇ ವಾಸಿ ಎನ್ನುತ್ತಿದ್ದವಳು ಶ್ರಾವಣದಲ್ಲಿ ಗಂಟು ಕಟ್ಟಿದಳು.

ನಾನು ಅಂದು ಅಲ್ಲಿಗೆ ಹೋದದ್ದು ಟ್ರಸ್ಟಿನವರು ನನಗೆ ಒಪ್ಪಿಸಿದ್ದ ಸ್ಮರಣ ಸಂಚಿಕೆಯ ಕೆಲಸಕ್ಕೆ. ಸ್ಟೇಷನ್ನಿನ ಕೆಲಸ ನಿಂತರೂ ಅದರ ಸಂಚಿಕೆ ನಿಂತಿರಲಿಲ್ಲ. ಅಧ್ಯಕ್ಷರ ಫೋಟೊ ಆಗಲೇ ಅಚ್ಚಾಗಿತ್ತು. ಜನಸಾಮಾನ್ಯರ ಎರಡು ಮಾತೂ ಇರಲಿ ಎಂದು ಅವರೇ ಪ್ರಶ್ನೆ ಬರೆದು ಕೊಟ್ಟಿದ್ದರು. ಚೌಡಕ್ಕ ರಸ್ತೆಯ ಪಕ್ಕ ಬಸ್ಸಿಗೆ ಕಾಯುತ್ತ, ಗಂಟಿನ ಮೇಲೆ ಕೈಯಿಟ್ಟು ಕೂತಿದ್ದಳು. ಹಿಂದೆ ಕಟ್ಟಡದ ಗೋಡೆಗಳಷ್ಟೇ ಮಳೆಯಲ್ಲಿ ನಿಂತಿದ್ದವು. ಬಸ್ಸು ದೂರದಲ್ಲಿ ಕಾಣಿಸಿದ್ದರಿಂದ ಅವಸರದಲ್ಲಿ, ಈ ಐತಿಹಾಸಿಕ ಸ್ಟೇಷನ್ನಿನ ಬಗ್ಗೆ ನಿಮ್ಮ ಮನದಾಳದ ಭಾವನೆ ಏನು ಎಂದು ಓದಿ ಕೇಳಿದೆ.

“ಮ್ಯಾಲ ಹಂಚಿಲ್ರಿ,” ಎಂದಳು.